ಚಕ್ಕುಬಂದಿ

ಪೂರ್ವಕ್ಕೆ: ಹಳೆಯ ಹೆದ್ದಾರಿ. ಈಗ ಅದರಲ್ಲಿ
ಕುರಿಗಳಷ್ಟೇ ನಿಯಮ ಪಾಲಿಸುತ್ತವೆ, ಬಲಬದಿ ಹಿಡಿದು.
ಪಶ್ಚಿಮಕ್ಕೆ: ಬಂಡೆ. ಬಂಡೆಯ ಮೇಲೆ ಗಾಳಿಗೆ ಬಾಗಿ
ನೆಟ್ಟಗಾಗುವುದನ್ನೇ ಮರೆತ ಒಂದು ಓಕ್ ಮರ.
ಉತ್ತರಕ್ಕೆ: ಪುದ್ದು ಅಣ್ಣತಮ್ಮಂದಿರ ಹುಲ್ಲುಗಾವಲು, ವ್ಯಾಜ್ಯದಲ್ಲಿದೆ.
ದಕ್ಷಿಣಕ್ಕೆ: ಏನೂ ಬರೆದಿಲ್ಲ.
ಶಾಯಿ ಮುಗಿದಿತ್ತೋ, ಊಟದ ಗಂಟೆಯಾಗಿತ್ತೋ.

ಇಷ್ಟರ ನಡುವೆ ಒಂದು ಮನೆ, ಸಾರ್ಡೀನಿಯಾ ಪ್ರಾಂತ ಸರ್ಕಾರದ್ದು.
ನಾನು ರೈಮೊಂಡಾ ಉಸಾಯ್, ಆಸ್ತಿ ವಿಭಾಗ, ಮೂರನೇ ಮಹಡಿ.
ಕಾಲ್ಯಾರಿಯ ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ
ಇನ್ನೂರ ಹದಿನಾಲ್ಕು ಮೊಳೆ, ಮೊಳೆಗೊಂದು ಬೀಗದ ಕೈ.
ಮನೆಯೇ ಇಲ್ಲದ ಬೀಗದ ಕೈಗಳಿವೆ ಅದರಲ್ಲಿ,
ಕಡತದಲ್ಲಿ ಬೀಗದ ಕೈ ಇಲ್ಲದ ಮನೆಗಳು.
ಮದುವೆ ದಲ್ಲಾಳಿಯ ಹಾಗೆ ನಾನು
ಇದನ್ನು ಅದಕ್ಕೆ ಗಂಟುಹಾಕಿ ಸಂಬಳ ಎಣಿಸುತ್ತೇನೆ.

ರೋಮ್ ಇದನ್ನು ಪ್ರಾಂತಕ್ಕೆ ಕೊಟ್ಟಿತು, ಪ್ರಾಂತ ಜಿಲ್ಲೆಗೆ.
ಆ ಜಿಲ್ಲೆಯನ್ನೇ ರದ್ದು ಮಾಡಿದರು; ಮನೆ
ವಾಪಸು ಬಂತು, ಸೂರು ಬರಲಿಲ್ಲ.
ಒಂದು ವರ್ಷ ಚಾರಣಿಗರ ತಂಗುದಾಣ ಆಗಬೇಕೆಂದಿತ್ತು,
ಇನ್ನೊಂದು ವರ್ಷ ಜೇನಿನ ಸಂಗ್ರಹಾಲಯ.
ಎರಡಕ್ಕೂ ನಕ್ಷೆಯಿದೆ. ನಕ್ಷೆಯಲ್ಲಿ ಪುಟ್ಟ ಮನುಷ್ಯರು
ಬಲೂನು ಹಿಡಿದ ಮಕ್ಕಳನ್ನು ನಡೆಸಿಕೊಂಡು ಹೋಗುತ್ತಾರೆ.
ಹರಾಜಿಗೂ ಇಟ್ಟೆವು. ಮೂರು ಸಲ. ಕೂಗಿದವರಿಲ್ಲ.

'ಸ್ಥಿತಿ' ಎಂಬ ಕಲಮಿನಲ್ಲಿ ನನಗಿಂತ ಮುಂಚಿನವರು ಬರೆದದ್ದು: ಶಿಥಿಲ.
ಅವರಿಗಿಂತ ಮುಂಚಿನವರು: ಶಿಥಿಲ.
ಒಬ್ಬರೂ ಇಲ್ಲಿಯ ತನಕ ಬಂದಿರಲಿಲ್ಲ ಎಂದು
ತಿರುವು ದಾಟಿದ ಕೂಡಲೇ ಗೊತ್ತಾಯಿತು,

ಯಾಕೆಂದರೆ ಗೋಡೆ ಕೆಂಪಗಿದೆ.
ಮಾಸಿದ ಕೆಂಪಲ್ಲ. ಬೆರಳಿಟ್ಟರೆ ಬೆರಳಿಗೆ ಬರುವ
ಈಗಷ್ಟೇ ಬಳಿದ ಕೆಮ್ಮಣ್ಣಿನ ಕೆಂಪು.

ಏಣಿಯ ಮೇಲಿದ್ದ ಮುದುಕ ಇಳಿಯಲಿಲ್ಲ.
ಹೆಸರು ಕೇಳಿದೆ. "ನಲವತ್ತೊಂದರಿಂದ ನಲವತ್ತೈದು" ಎಂದ.
ಆಮೇಲೆ, ನೆನಪಾದವನ ಹಾಗೆ, "ಬಾಕೀಸಿಯೊ ಲೋಯ್."
ಆ ನಾಲ್ಕು ಕಿಲೋಮೀಟರಿನ ಮೋರಿ, ಮುಳ್ಳುಪೊದೆ, ಹಿಮ,
ಕೆಟ್ಟು ನಿಂತ ಲಾರಿಯವರಿಗೆ ಕಾಫಿ,
ಮೂವತ್ತೊಂದು ವರ್ಷ ಅವನ ಲೆಕ್ಕ.
ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಿ ರಸೀದಿ ಪಡೆದನಂತೆ.
ರಸೀದಿ ಜೇಬಿನಲ್ಲೇ ಇತ್ತು.
"ಅವತ್ತಿನಿಂದ ಒಳಗೆ ಕಾಲಿಟ್ಟಿಲ್ಲ. ಒಳಗಿನದು ನಿಮ್ಮದು.
ಹೊರಮೈ ರಸ್ತೆಯದು."

"ಬಣ್ಣಕ್ಕೆ ದುಡ್ಡು?"
"ಪಿಂಚಣಿ ನೀವೇ ಕೊಡುತ್ತೀರಲ್ಲ."

ನಾನು ತಂದ ಬೀಗದ ಕೈ ತಿರುಗಲಿಲ್ಲ.
ಏಣಿಯಿಂದಲೇ ಹೇಳಿದ: "ಅದು ಇದರದ್ದಲ್ಲ. ಹಲ್ಲು ನೋಡಿ,
ನಲವತ್ತೊಂಬತ್ತನೇ ಕಿಲೋಮೀಟರಿನದು."
"ಆ ಮನೆ?"
"ಬಿತ್ತು. ಆಗಲೇ ಬಿತ್ತು."

ಕಿಟಕಿಯಿಂದ ಇಣುಕಿದೆ. ಅಡುಗೆಮನೆಯಲ್ಲಿ
ಒಂದು ಅಂಜೂರ ಹುಟ್ಟಿ, ಬೆಳೆದು, ಸೂರಿದ್ದ ಕಡೆಯಿಂದ
ಹೊರಗೆ ಹೋಗಿತ್ತು. ಗಿಡಕ್ಕೆ ಯಾರ ಅಪ್ಪಣೆ?

ನಿಯಮ ನನಗೆ ಬಾಯಿಪಾಠ. ಅನುಮತಿಯಿಲ್ಲದೆ
ಸರ್ಕಾರಿ ಕಟ್ಟಡ ಮುಟ್ಟಿದವರಿಗೆ ದಂಡ.
ಮುಟ್ಟದೆ ಬೀಳಗೊಟ್ಟವರಿಗೆ
ಎಲ್ಲಿ ಹುಡುಕಿದರೂ ಕಲಮು ಸಿಗಲಿಲ್ಲ,
ಹುಡುಕಿದ್ದೂ ಇವತ್ತೇ, ಕಾರಿನಲ್ಲಿ ಕೂತು.

ಗಾಳಿ ಬಾಗಿಲು ಜಗ್ಗುತ್ತಿತ್ತು. ಫಾರಮಿನ ಅಂಚಿಗೆ
ನನ್ನ ತೋರುಬೆರಳು ಕೆಂಪಗೆ ಮೆತ್ತಿಕೊಂಡಿತು,
ಹೆಬ್ಬೆಟ್ಟು ಒತ್ತಿದವರ ಹಾಗೆ.
ಸ್ಥಿತಿ: ಒದ್ದೆ, ಎಂದು ಬರೆದೆ.
ಸೋಮವಾರ ಕೇಳುತ್ತಾರೆ, ಒದ್ದೆ ಎಂದರೆ? ಸೋರುತ್ತದೆಯೇ?

ದಕ್ಷಿಣಕ್ಕೆ: ಒಂದು ಏಣಿ.
ಒತ್ತುವರಿ ಎಂದು ಸೇರಿಸಬೇಕು ಪಕ್ಕದಲ್ಲಿ.
ಅವನು ಏಣಿಯನ್ನು ಹೊತ್ತು
ಪಶ್ಚಿಮದ ಗೋಡೆಗೆ ಹೊರಟಿದ್ದ.
ಪೆನ್ನು ತೆರೆದೇ ಇತ್ತು.